ಪಂಪ್ ಟ್ರ್ಯಾಕಿಗೆ ತಕ್ಕ ಸೈಕಲ್

ಈ ಆರೋಗ್ಯ ವಿಭಾಗದಲ್ಲಿ ನಾವು ಇದುವರೆಗೆ ಅಜೀರ್ಣ, ಮಧುಮೇಹ, ಸಂಧಿವಾತ, ಋತುಚರ್ಯೆ ಮುಂತಾದ ವಿಷಯಗಳನ್ನು ಕುರಿತು ಬರೆಯುತ್ತ ಬಂದಿದ್ದೇವೆ. ಈ ಸಲ ಸೈಕಲ್ಲಿನ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು ಕೆಲವರಿಗೆ ಅಚ್ಚರಿಯಾದೀತು. ಶ್ರೀಮಠದ ಭಕ್ತರಲ್ಲಿ ಅನೇಕರ ಮಕ್ಕಳು ಇಂದು ಅಮೆರಿಕದಲ್ಲಿಯೂ ಯುರೋಪಿನಲ್ಲಿಯೂ ನೆಲೆಸಿದ್ದಾರೆ. ವರ್ಷಕ್ಕೊಮ್ಮೆ ಅಜ್ಜ ಅಜ್ಜಿಯರು ಅಲ್ಲಿಗೆ ಹೋಗಿ ಬರುತ್ತಾರೆ. ಮೊಮ್ಮಕ್ಕಳ ಹುಟ್ಟುಹಬ್ಬಕ್ಕೆ ಏನಾದರೊಂದು ಕೊಡಿಸುತ್ತಾರೆ. ಹಾಗೆ ಕೊಡಿಸುವ ವಸ್ತುಗಳಲ್ಲಿ ಸೈಕಲ್ಲಿಗೆ ಮೊದಲ ಸ್ಥಾನ. ನಾವೂ ಹಾಗೆಯೇ ಒಂದು ಸೈಕಲ್ ಕೊಡಿಸಿದೆವು, ತಪ್ಪಾದುದನ್ನು ಕೊಡಿಸಿದೆವು. ಆ ತಪ್ಪಿನಿಂದ ತಿಳಿದುಕೊಂಡುದನ್ನು ಇಲ್ಲಿ ಹೇಳುತ್ತಿದ್ದೇವೆ.

ನಮ್ಮ ಮಗ ಉದ್ಯೋಗನಿಮಿತ್ತವಾಗಿ ಅಮೆರಿಕದ ಆರ್ಕನ್ಸಾ ರಾಜ್ಯದ ಬೆಂಟನ್‌ವಿಲ್ ಎಂಬ ಊರಿನಲ್ಲಿದ್ದಾನೆ. ವಾಲ್‌ಮಾರ್ಟ್ ಸಂಸ್ಥೆಯ ಪ್ರಧಾನ ಕಚೇರಿ ಅಲ್ಲಿಯೇ ಇರುವುದರಿಂದ ಭಾರತೀಯ ಕುಟುಂಬಗಳು ಅಲ್ಲಿ ಸಾಕಷ್ಟಿವೆ. ವಾರದ ಕೊನೆಯಲ್ಲಿ ಅಂಗಡಿಗೆ ಹೋದರೆ ನಾಲ್ಕು ಕನ್ನಡದ ಮಾತು ಕಿವಿಗೆ ಬೀಳುತ್ತದೆ. ಆ ಪ್ರದೇಶ ಸೈಕಲ್ ಹಾದಿಗಳಿಗೆ ಹೆಸರಾದುದು. ಕಾಡಿನೊಳಗೆ, ಕೆರೆಯ ದಂಡೆಯಲ್ಲಿ, ಶಾಲೆಯ ಪಕ್ಕದಲ್ಲಿ, ಎಲ್ಲಿ ನೋಡಿದರೂ ಸೈಕಲ್ಲಿಗೆಂದೇ ಮಾಡಿದ ದಾರಿಗಳು. ಫೋನಿನಲ್ಲಿ ಮೊಮ್ಮಗ "ಅಜ್ಜಾ, ನನಗೆ ಪಂಪ್ ಟ್ರ್ಯಾಕಿಗೆ ಬೈಕ್ ಬೇಕು" ಎಂದಾಗ ನಮ್ಮ ಮನೆಯವರು ಗಾಬರಿಯಾದರು. ನಮ್ಮ ಕಡೆ ಬೈಕ್ ಎಂದರೆ ಮೋಟಾರು ಗಾಡಿಯಲ್ಲವೇ! ಒಂಬತ್ತು ವರ್ಷದ ಹುಡುಗನಿಗೆ ಮೋಟಾರು ಗಾಡಿಯೇ ಎಂದು ಅವರು, ಪಂಪು ಎಂದರೆ ಗಾಳಿ ಹೊಡೆಯುವ ಪಂಪಿರಬೇಕು ಎಂದು ನಾವು, ಇಬ್ಬರೂ ತಪ್ಪು ತಿಳಿದೆವು.

ಪಂಪ್ ಟ್ರ್ಯಾಕ್ ಎಂಬುದು ಸುತ್ತಿ ಬರುವ ಒಂದು ಕಿರುದಾರಿ. ಅದರಲ್ಲಿ ಸಮತಟ್ಟಾದ ಜಾಗ ಬಹಳ ಕಡಿಮೆ. ಸಾಲಾಗಿ ಮಂಡಿಯೆತ್ತರದ ದಿಣ್ಣೆಗಳು, ಅವುಗಳ ನಡುವೆ ತಗ್ಗುಗಳು. ತಿರುವುಗಳಲ್ಲಿ ಹೊರಬದಿಯನ್ನು ಬಟ್ಟಲಿನ ಅಂಚಿನಂತೆ ಎತ್ತರಿಸಿರುತ್ತಾರೆ. ಮೊದಮೊದಲು ಇವನ್ನು ಮಣ್ಣಿನಲ್ಲಿ ಕಟ್ಟುತ್ತಿದ್ದರು. ಮಳೆ ಬಂದರೆ ಕರಗುತ್ತಿತ್ತು, ಮತ್ತೆ ಸಲಿಕೆ ಹಿಡಿಯಬೇಕಿತ್ತು. ಸ್ವಿಟ್ಜರ್ಲೆಂಡಿನ ಮಾಜಿ ಡೌನ್‌ಹಿಲ್ ಸೈಕಲ್ ಸ್ಪರ್ಧಿ ಕ್ಲಾಡಿಯೋ ಕಲೂರಿ ಎಂಬವರ ವೆಲೋಸೊಲ್ಯೂಷನ್ಸ್ ಸಂಸ್ಥೆಯು ಡಾಂಬರು ಹಾಕಿದ ಟ್ರ್ಯಾಕುಗಳನ್ನು ಅನೇಕ ದೇಶಗಳಲ್ಲಿ ಕಟ್ಟಿದ ಮೇಲೆ ಈ ಆಟ ವೇಗವಾಗಿ ಹರಡಿತು. ಬೆಂಟನ್‌ವಿಲ್‌ನಿಂದ ಅರ್ಧ ಗಂಟೆಯ ದೂರದ ಸ್ಪ್ರಿಂಗ್‌ಡೇಲ್ ಎಂಬ ಊರಿನಲ್ಲಿ 2018ರಲ್ಲಿ ಪಂಪ್ ಟ್ರ್ಯಾಕ್ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಸ್ಪರ್ಧೆ ನಡೆದಿತ್ತು. ಮರುವರ್ಷ, 2019ರಲ್ಲಿ, ಅದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ನಡೆಯಿತು.

ಈ ಹಾದಿಯ ವಿಶೇಷವೇನೆಂದರೆ, ಇದರಲ್ಲಿ ಪೆಡಲ್ ತುಳಿಯುವಂತಿಲ್ಲ. ಮೊದಲಿಗೆ ಎರಡು ಮೂರು ಸಲ ತುಳಿದು ಒಳಗೆ ಇಳಿದರೆ ಸಾಕು. ಆಮೇಲೆ ಮೈಯನ್ನು ಬಗ್ಗಿಸಿ ಎತ್ತುವುದರಿಂದಲೇ ಸೈಕಲ್ ಓಡುತ್ತದೆ. ಇದನ್ನು ಮೊದಲ ಸಲ ಕಂಡಾಗ ನಮಗೆ ನಂಬಿಕೆಯೇ ಬರಲಿಲ್ಲ. ತುಳಿಯದೆ ಸೈಕಲ್ ಹೇಗೆ ಓಡೀತು? ಅರ್ಧ ಗಂಟೆ ಬೆಂಚಿನ ಮೇಲೆ ಕುಳಿತು ನೋಡಿದ ಮೇಲೆ ಥಟ್ಟನೆ ಹೊಳೆಯಿತು: ಇದು ನಮ್ಮ ಜೋಕಾಲಿ! ನಾಗರಪಂಚಮಿಗೆ ಹುಣಸೆಮರಕ್ಕೆ ಹಗ್ಗ ಕಟ್ಟಿ ನಿಂತು ಜೀಕುವವರನ್ನು ನೆನಪಿಸಿಕೊಳ್ಳಿ. ಜೋಕಾಲಿ ಮೇಲಿನ ತುದಿಗೆ ಹೋದಾಗ ಮಂಡಿ ಮಡಿಸಿ ಕುಕ್ಕರಿಸುತ್ತಾರೆ. ಕೆಳಗೆ ಇಳಿದು ನೆಲದ ಸಮೀಪಕ್ಕೆ ಬಂದಾಗ ಮಂಡಿ ನೀಡಿ ನೆಟ್ಟಗಾಗುತ್ತಾರೆ. ಯಾರೂ ಹಿಂದಿನಿಂದ ನೂಕುವುದಿಲ್ಲ, ಆದರೂ ಜೋಕಾಲಿ ಏರುತ್ತಲೇ ಹೋಗುತ್ತದೆ. ಪಂಪ್ ಟ್ರ್ಯಾಕಿನಲ್ಲಿಯೂ ಅದೇ. ದಿಣ್ಣೆಯ ನೆತ್ತಿಗೆ ಬಂದಾಗ ಸವಾರನ ಕೈಕಾಲುಗಳು ಮಡಿಚಿರುತ್ತವೆ. ಇಳಿಜಾರಿನಲ್ಲಿ ಸೈಕಲ್ಲನ್ನು ಕೆಳಗೆ ಒತ್ತುತ್ತ ತಗ್ಗಿಗೆ ಬರುವ ಹೊತ್ತಿಗೆ ಅವು ನೀಡಿರುತ್ತವೆ. ಅವರು ಪಂಪ್ ಎನ್ನುವುದು ನಮ್ಮ ಜೀಕುವಿಕೆಯೇ. ಯಾವ ಸೈಕಲ್ ಬೇಕು, ಯಾವುದು ಬೇಡ ಎಂಬುದೆಲ್ಲ ಈ ಒಂದು ಮಾತಿನಿಂದ ತೀರ್ಮಾನವಾಗುತ್ತದೆ. ಓದುಗರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

ಜೋಕಾಲಿಯನ್ನು ಹಗ್ಗದ ಬದಲು ರಬ್ಬರಿನಿಂದ ಕಟ್ಟಿದರೆ ಏನಾದೀತು? ನಾವು ಮಂಡಿ ನೀಡಿದಷ್ಟೂ ರಬ್ಬರು ಹಿಗ್ಗುತ್ತದೆಯೇ ಹೊರತು ಜೋಕಾಲಿ ಏರುವುದಿಲ್ಲ. ಮುಂದೆಯೂ ಹಿಂದೆಯೂ ಸ್ಪ್ರಿಂಗುಗಳಿರುವ, ನೋಡಲು ಮೋಟಾರು ಗಾಡಿಯಂತಿರುವ ಸೈಕಲ್ಲುಗಳು ಈ ಹಾದಿಗೆ ರಬ್ಬರಿನ ಜೋಕಾಲಿಯಂತೆ. ಮಗು ಬಲ ಹಾಕಿ ಒತ್ತಿದ್ದನ್ನೆಲ್ಲ ಸ್ಪ್ರಿಂಗು ನುಂಗಿಬಿಡುತ್ತದೆ. ಸುತ್ತು ಮುಗಿಯುವ ಮೊದಲೇ ಸೈಕಲ್ ನಿಲ್ಲುತ್ತದೆ. ಮಗು ಸುಸ್ತಾಗುತ್ತದೆ, ತನಗೇ ಬರುವುದಿಲ್ಲವೆಂದು ತಿಳಿಯುತ್ತದೆ. ಕಲ್ಲುಮುಳ್ಳಿನ ಬೆಟ್ಟದ ದಾರಿಯಲ್ಲಿ ಸ್ಪ್ರಿಂಗಿಗೆ ಬೆಲೆಯುಂಟು, ಅದನ್ನು ಅಲ್ಲಗಳೆಯುವುದಿಲ್ಲ. ನುಣುಪಾದ ಡಾಂಬರಿನ ದಿಣ್ಣೆಗೆ ಅದು ಬೇಡ.

ಆದ್ದರಿಂದ ಹೊಸದಾಗಿ ಕೊಳ್ಳುವವರು ನೋಡಬೇಕಾದುದು ಸ್ಪ್ರಿಂಗಿಲ್ಲದ, ಗಿಡ್ಡನೆಯ, ಗಟ್ಟಿಮುಟ್ಟಾದ, ಒಂದೇ ಗೇರಿನ ಸೈಕಲ್ಲನ್ನು. ಬಿ.ಎಂ.ಎಕ್ಸ್. ಎಂದು ಕರೆಯುವ, 20 ಇಂಚಿನ ಗಾಲಿಯ ಸೈಕಲ್ ಇಂಥದು. ಎಂಟು ಹತ್ತು ವರ್ಷದ ಮಕ್ಕಳಿಂದ ಹಿಡಿದು ವಯಸ್ಕರವರೆಗೆ ಇದೇ ಗಾಲಿಯಲ್ಲಿ ಓಡಿಸುವವರಿದ್ದಾರೆ. ಚೌಕಟ್ಟಿನ ಉದ್ದ ಮಾತ್ರ ಬೇರೆ ಬೇರೆ. ಇನ್ನೊಂದು, ಡರ್ಟ್ ಜಂಪ್ ಎಂಬ ಹೆಸರಿನದು. ಇದಕ್ಕೆ 26 ಇಂಚಿನ ಗಾಲಿ, ಗಿಡ್ಡ ಚೌಕಟ್ಟು, ಹಿಂದೆ ಸ್ಪ್ರಿಂಗಿಲ್ಲ, ಮುಂದೆ ಮಾತ್ರ ಬಿಗಿಯಾದ ಫೋರ್ಕು. ಬೆಳೆದ ಹುಡುಗರಿಗೂ ದೊಡ್ಡವರಿಗೂ ಇದು ಹೆಚ್ಚು ಸ್ಥಿರವೆನಿಸುತ್ತದೆ, ಬಿ.ಎಂ.ಎಕ್ಸ್. ಚುರುಕು ಹೆಚ್ಚು, ಆದರೆ ತಪ್ಪನ್ನು ಕ್ಷಮಿಸುವುದಿಲ್ಲ. ಎರಡು ಮೂರು ವರ್ಷದ ಕೂಸುಗಳು ಪೆಡಲೇ ಇಲ್ಲದ, ಕಾಲಿನಿಂದ ನೆಲ ನೂಕುತ್ತ ಹೋಗುವ 12 ಇಂಚಿನ ಪುಟ್ಟ ಸೈಕಲ್ಲಿನಲ್ಲಿ ಇದೇ ಟ್ರ್ಯಾಕಿನಲ್ಲಿ ಸಲೀಸಾಗಿ ಸುತ್ತುವುದನ್ನು ಕಂಡಿದ್ದೇವೆ. ಪೆಡಲ್ ಇಲ್ಲದಿದ್ದರೂ ನಡೆಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ. ಮೊಮ್ಮಗ ಆಗ ನಾಲ್ಕಡಿ ಎತ್ತರ. ಅಂಗಡಿಯವನು 20 ಇಂಚಿನ ಸಾದಾ ಸೈಕಲ್ ತೋರಿಸಿದ. ನಮ್ಮ ಕಣ್ಣಿಗೆ ಅದು ಬಡಕಲಾಗಿ ಕಂಡಿತು. ಪಕ್ಕದಲ್ಲಿದ್ದ 24 ಇಂಚಿನ, ಎರಡೂ ಕಡೆ ಸ್ಪ್ರಿಂಗಿನ, 21 ಗೇರಿನ ಸೈಕಲ್ಲನ್ನು "ಇದೇ ಇರಲಿ, ಇನ್ನೆರಡು ವರ್ಷಕ್ಕೂ ಆಗುತ್ತದೆ" ಎಂದು ಹಟ ಮಾಡಿ ತಂದೆವು. ಅಂಗಿ ಹೊಲಿಸುವಾಗ ಎರಡು ಬೆರಳು ದೊಡ್ಡದಾಗಿಯೇ ಹೊಲಿಸುವ ಕಾಲದವರು ನಾವು. ಅಂಗಿ ದೊಡ್ಡದಾದರೆ ತೋಳು ಮಡಿಸಬಹುದು. ಸೈಕಲ್ ದೊಡ್ಡದಾದರೆ ಮಡಿಸಲು ಬರುವುದಿಲ್ಲ.

ದೊಡ್ಡ ಸೈಕಲ್ಲಿನಲ್ಲಿ ಹ್ಯಾಂಡಲ್ ಹಿಡಿಯುವ ಹೊತ್ತಿಗೇ ಮಗುವಿನ ತೋಳುಗಳು ಪೂರ್ತಿ ನೀಡಿಕೊಂಡಿರುತ್ತವೆ. ಇನ್ನು ತಗ್ಗಿಗೆ ಬಂದಾಗ ನೀಡಲು ಏನು ಉಳಿಯಿತು? ಜೀಕಲು ಬೇಕಾದ ಅವಕಾಶವೇ ಮೈಯಲ್ಲಿ ಇರುವುದಿಲ್ಲ. ನೀಡಿದ ಕೈ ದಿಣ್ಣೆಯ ಹೊಡೆತವನ್ನು ನೇರವಾಗಿ ಮಣಿಕಟ್ಟಿಗೂ ಹೆಗಲಿಗೂ ಸಾಗಿಸುತ್ತದೆ. ಮಣಿಕಟ್ಟನ್ನು ನಮ್ಮ ಆಚಾರ್ಯರು ಮಣಿಬಂಧವೆಂಬ ಮರ್ಮಸ್ಥಾನವಾಗಿ ಎಣಿಸಿದ್ದಾರೆ. ಅಲ್ಲಿ ಪೆಟ್ಟಾದರೆ ಪ್ರಾಣಕ್ಕೆ ಅಪಾಯವಿಲ್ಲದಿದ್ದರೂ ನೋವು ಬಹುಕಾಲ ಕಾಡುತ್ತದೆಂದು ಅದನ್ನು ರುಜಾಕರ ಮರ್ಮಗಳ ಗುಂಪಿಗೆ ಸೇರಿಸಿದ್ದಾರೆ. ಅಳತೆಯನ್ನು ಹೀಗೆ ನೋಡಬೇಕು. ಚೌಕಟ್ಟಿನ ಮೇಲಿನ ಕೊಳವೆಯ ಎರಡೂ ಬದಿಗೆ ಕಾಲಿಟ್ಟು ಮಗುವನ್ನು ನಿಲ್ಲಿಸಿ. ಅಂಗಾಲು ಪೂರ್ತಿ ನೆಲಕ್ಕೆ ಊರಿದಾಗ ಕೊಳವೆಗೂ ತೊಡೆಸಂದಿಗೂ ನಡುವೆ ನಾಲ್ಕು ಬೆರಳಾದರೂ ಬಿಡುವು ಇರಬೇಕು. ಬಳಿಕ ಪೆಡಲುಗಳ ಮೇಲೆ ನಿಂತು, ಎರಡು ಪೆಡಲುಗಳನ್ನೂ ಸಮಮಟ್ಟದಲ್ಲಿಟ್ಟು, ಸೊಂಟದಿಂದ ತುಸು ಮುಂದಕ್ಕೆ ಬಾಗಿದಾಗ ಮೊಣಕೈಗಳು ಹೊರಮುಖವಾಗಿ ಚೆನ್ನಾಗಿ ಮಡಿಸಿರಬೇಕು. ಈ ಎರಡು ಪರೀಕ್ಷೆಗಳಲ್ಲಿ ಗೆದ್ದ ಸೈಕಲ್ಲನ್ನೇ ಕೊಳ್ಳಿ. ವಯಸ್ಸಿನ ಪಟ್ಟಿ ನೋಡಿ ಕೊಳ್ಳಬೇಡಿ.

ಹೊಸದನ್ನೇ ಕೊಳ್ಳಬೇಕೆಂದೇನೂ ಇಲ್ಲ. ಮನೆಯಲ್ಲಿರುವ ಸೈಕಲ್ ಅಳತೆಗೆ ಸರಿಯಾಗಿದ್ದು, ಹಿಂದೆ ಸ್ಪ್ರಿಂಗಿಲ್ಲದ್ದಾದರೆ ಅದನ್ನೇ ಈ ಹಾದಿಗೆ ಹೊಂದಿಸಬಹುದು. ಮೊದಲು ಸೀಟನ್ನು ಕೊನೆಯ ಮಟ್ಟದವರೆಗೆ ಇಳಿಸಿಬಿಡಿ. ಇಲ್ಲಿ ಕುಳಿತು ಓಡಿಸುವ ಮಾತೇ ಇಲ್ಲ. ದಿಣ್ಣೆಯ ನೆತ್ತಿಯಲ್ಲಿ ಮೈ ಮಡಿಸಿದಾಗ ಎತ್ತರದ ಸೀಟು ಕೆಳಗಿನಿಂದ ಬಂದು ಗುದ್ದುತ್ತದೆ. ಒಂದೇ ಸಲ ಹಾಗಾದರೂ ಮಗು ಮಡಿಸುವುದಕ್ಕೆ ಹೆದರುತ್ತದೆ. ಆಮೇಲೆ ಸೈಕಲ್ಲನ್ನು ಬೆತ್ತಲೆ ಮಾಡಿ. ಸ್ಟ್ಯಾಂಡು, ಮಡ್‌ಗಾರ್ಡು, ಬುಟ್ಟಿ, ನೀರಿನ ಬಾಟಲಿಯ ಹಿಡಿಕೆ, ಗಾಲಿಯ ಕಡ್ಡಿಗಳಿಗೆ ಸಿಕ್ಕಿಸಿದ ಬಣ್ಣದ ಪ್ಲಾಸ್ಟಿಕ್ಕು ಎಲ್ಲವನ್ನೂ ತೆಗೆಯಿರಿ. ಸ್ಟ್ಯಾಂಡು ಅದುರಿ ಕೆಳಗೆ ಬಿದ್ದರೆ ತಿರುವಿನಲ್ಲಿ ನೆಲಕ್ಕೆ ತಾಗಿ ಸೈಕಲ್ಲನ್ನು ಎತ್ತಿ ಒಗೆಯುತ್ತದೆ. ಅದೇ ಸೈಕಲ್ಲಿನಲ್ಲಿ ಬೀದಿಗೂ ಹೋಗುವುದಾದರೆ ದೀಪ, ಗಂಟೆ, ಪ್ರತಿಫಲಕಗಳನ್ನು ಮತ್ತೆ ಹಾಕಿಕೊಳ್ಳಬೇಕು, ಮರೆಯಬಾರದು.

ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗಿದ್ದರೆ ಅದರ ಮೇಲ್ಭಾಗದಲ್ಲಿ ಬೀಗದಂತೆ ತಿರುಗಿಸುವ ಗುಂಡಿಯೊಂದು ಇರಬಹುದು. ತಿರುಗಿಸಿದರೆ ಫೋರ್ಕು ಬಿಗಿಯಾಗುತ್ತದೆ. ಗಾಳಿ ತುಂಬುವ ಬಗೆಯದಾದರೆ ಅದಕ್ಕೆಂದೇ ಇರುವ ಪಂಪಿನಿಂದ, ತಯಾರಕರು ಹೇಳಿದ ಮಿತಿಯೊಳಗೆ, ಒತ್ತಡ ಹೆಚ್ಚಿಸಬೇಕು. ಎರಡೂ ಇಲ್ಲದ ಅಗ್ಗದ ಫೋರ್ಕಾದರೆ ಹಾಗೆಯೇ ಬಿಡುವುದು ಲೇಸು. ಸ್ಪ್ರಿಂಗಿಲ್ಲದ ಫೋರ್ಕನ್ನು ಬದಲಿಗೆ ಹಾಕಿಸಬಹುದಾದರೂ ಅದರ ಉದ್ದ ಹಳೆಯದರಷ್ಟೇ ಇರಬೇಕು, ಇಲ್ಲವಾದರೆ ಸೈಕಲ್ಲಿನ ಮುಖವೇ ತಗ್ಗಿ ತಿರುಗುವ ರೀತಿ ಬದಲಾಗುತ್ತದೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ, ಬಲ್ಲ ಮೆಕ್ಯಾನಿಕ್ಕನದು.

ಟೈರಿನ ಮೇಲೆ ಕಾಡಿನ ದಾರಿಗೆ ಬೇಕಾದಂಥ ದೊಡ್ಡ ಗುಬಟುಗಳಿದ್ದರೆ ಡಾಂಬರಿನಲ್ಲಿ ಅವು ಎಳೆತವನ್ನು ಹೆಚ್ಚಿಸುತ್ತವೆ. ಓರೆಯಾದ ತಿರುವಿನಲ್ಲಿ ಬಾಗಿದಾಗ ಗುಬಟು ಮಣಿದು ಗಾಲಿ ಅಲುಗಿದಂತಾಗುತ್ತದೆ. ನುಣುಪಾದ, ಸಣ್ಣ ಗೆರೆಗಳ ಟೈರು ಉತ್ತಮ. ಗಾಳಿಯನ್ನು ಬೀದಿಯ ಸವಾರಿಗಿಂತ ತುಸು ಬಿಗಿಯಾಗಿ ತುಂಬಬೇಕು: ದೊಡ್ಡವರ 26 ಇಂಚಿನ ಗಾಲಿಗೆ 40ರಿಂದ 60 ಪಿ.ಎಸ್.ಐ., ಹಗುರ ಮೈಯ ಮಕ್ಕಳಿಗೆ 30ರಿಂದ 40 ಸಾಕಾಗುತ್ತದೆ. ಟೈರಿನ ಮಗ್ಗುಲಲ್ಲಿ ಗರಿಷ್ಠ ಮಿತಿ ಅಚ್ಚಾಗಿರುತ್ತದೆ. ಅದನ್ನು ಎಂದಿಗೂ ಮೀರಬಾರದು.

ಗೇರುಗಳಿರುವ ಸೈಕಲ್ಲಾದರೆ ನಡುವಿನ ಒಂದು ಗೇರಿಗೆ ಹಾಕಿ ಬಿಟ್ಟುಬಿಡಿ. ದಿಣ್ಣೆಗಳ ಮೇಲೆ ಚೈನು ಕುಣಿದು ಕಳಚುವುದೇ ಇದರಲ್ಲಿರುವ ತೊಂದರೆ. ಒಂದೇ ಗೇರಿನ ಸೈಕಲ್ಲಿಗೆ ಆ ಭಯ ಕಡಿಮೆ. ಪೆಡಲು ಅಗಲವಾಗಿ, ಚಪ್ಪಟೆಯಾಗಿ, ಹಿಡಿತವುಳ್ಳದ್ದಾಗಿರಲಿ; ಬೂಟನ್ನು ಪೆಡಲಿಗೆ ಸಿಕ್ಕಿಸುವ ಬಗೆಯದು ಕಲಿಯುವವರಿಗೆ ಸಲ್ಲದು, ಬೀಳುವಾಗ ಕಾಲು ಬಿಡಿಸಿಕೊಳ್ಳಲು ಆಗುವುದಿಲ್ಲ.

ಬ್ರೇಕಿನ ವಿಷಯದಲ್ಲಿ ಅಮೆರಿಕದಲ್ಲಿರುವವರು ಒಂದು ಸಂಗತಿಯನ್ನು ಅವಶ್ಯವಾಗಿ ಗಮನಿಸಬೇಕು. ಅಲ್ಲಿ ಚಿಕ್ಕ ಮಕ್ಕಳ ಸೈಕಲ್ಲುಗಳಿಗೆ ಬಹುಮಟ್ಟಿಗೆ ಕಾಲಿನ ಬ್ರೇಕು ಇರುತ್ತದೆ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂದಿನ ಗಾಲಿ ನಿಲ್ಲುತ್ತದೆ. ಬೀದಿಯಲ್ಲಿ ಕಲಿಯುವ ಕೂಸಿಗೆ ಇದು ಸುಲಭವಿರಬಹುದು. ಪಂಪ್ ಟ್ರ್ಯಾಕಿನಲ್ಲಿ ಮಾತ್ರ ಇದು ದೊಡ್ಡ ಅಡ್ಡಿ. ದಿಣ್ಣೆಯ ಮೇಲೆ ಎರಡು ಪೆಡಲುಗಳೂ ಸಮಮಟ್ಟದಲ್ಲಿರಬೇಕು. ಒಂದು ಕೆಳಗಿದ್ದರೆ ದಿಣ್ಣೆಯ ನೆತ್ತಿಗೆ ಬಡಿಯುತ್ತದೆ. ಸಮ ಮಾಡಿಕೊಳ್ಳಲು ಮಗು ಕಾಲನ್ನು ಸ್ವಲ್ಪ ಹಿಂದಕ್ಕೆ ತಿರುಗಿಸುತ್ತದೆ, ಆ ಕ್ಷಣದಲ್ಲಿಯೇ ಬ್ರೇಕು ಹಿಡಿದುಬಿಡುತ್ತದೆ. ನಡುವೇಗದಲ್ಲಿ ಗಾಲಿ ನಿಂತರೆ ಮಗು ಎಲ್ಲಿ ಹೋಗಿ ಬಿದ್ದೀತು ಎಂಬುದನ್ನು ಹೇಳಬೇಕಾಗಿಲ್ಲ. ಹಿಂದಕ್ಕೆ ತಿರುಗಿಸಿದರೆ ಪೆಡಲು ಸುಮ್ಮನೆ ತಿರುಗುವಂಥ ಹಿಂಗಾಲಿಯನ್ನು ಹಾಕಿಸಿ, ಕೈಬ್ರೇಕನ್ನು ಕೂಡಿಸಬೇಕು. ನುರಿತವರು ಹಿಂದಿನ ಬ್ರೇಕೊಂದನ್ನೇ ಇಟ್ಟುಕೊಳ್ಳುವುದುಂಟು. ಮಕ್ಕಳಿಗೆ ಎರಡೂ ಇರಲಿ ಎಂಬುದು ನಮ್ಮ ಅಭಿಪ್ರಾಯ. ತಿರುವಿನೊಳಗೆ ಮುಂದಿನದನ್ನು ಒತ್ತಬಾರದೆಂದು ಹೇಳಿಕೊಟ್ಟರೆ ಸರಿ. ಬ್ರೇಕಿನ ಹಿಡಿ ಮಗುವಿನ ಬೆರಳಿಗೆ ಎಟುಕುತ್ತದೆಯೇ ನೋಡಿ. ಹಿಡಿಯ ಬುಡದಲ್ಲಿ ಒಂದು ಸಣ್ಣ ತಿರುಪಿರುತ್ತದೆ. ಅದನ್ನು ತಿರುಗಿಸಿದರೆ ಹಿಡಿ ಹತ್ತಿರ ಬರುತ್ತದೆ. ಇದು ಎರಡು ನಿಮಿಷದ ಕೆಲಸ, ಆದರೆ ಮಾಡಿದವರನ್ನು ನಾವು ಕಂಡದ್ದು ಕಡಿಮೆ.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇವೆ. ಹ್ಯಾಂಡಲ್ ಎಂಬುದು ಒಳಗೆ ಟೊಳ್ಳಾದ ಲೋಹದ ಕೊಳವೆ. ಅದರ ಎರಡು ತುದಿಗಳಿಗೆ ರಬ್ಬರಿನ ಹಿಡಿಗಳಿರುತ್ತವೆ. ಸೈಕಲ್ಲನ್ನು ಸಿಮೆಂಟಿನ ನೆಲಕ್ಕೆ ಒಗೆದೊಗೆದು ಹಿಡಿಯ ತುದಿ ಸವೆದು, ಹರಿದು, ಕೊಳವೆಯ ಬಾಯಿ ಹೊರಗೆ ಕಾಣುತ್ತದೆ. ರೂಪಾಯಿ ನಾಣ್ಯದಗಲದ ಆ ಉಕ್ಕಿನ ಬಳೆಯನ್ನು ಯಾರೂ ಲೆಕ್ಕಿಸುವುದಿಲ್ಲ. ನಾವೂ ಲೆಕ್ಕಿಸಿರಲಿಲ್ಲ.

ಸೈಕಲ್ ತಂದು ಆರು ವಾರವಾಗಿತ್ತು. ಒಂದು ಸಂಜೆ ಮೊಮ್ಮಗ ಎರಡನೆಯ ದಿಣ್ಣೆಯಲ್ಲಿ ವೇಗ ಸಾಲದೆ ನಿಂತ. ಹ್ಯಾಂಡಲ್ ಹೊರಳಿತು, ಅವನು ಅದರ ಮೇಲೆಯೇ ಬಿದ್ದ. ಜೋರಾಗಿ ಬಿದ್ದುದೂ ಅಲ್ಲ. ರಕ್ತ ಬರಲಿಲ್ಲ. ಅಂಗಿ ಎತ್ತಿ ನೋಡಿದರೆ ಹೊಕ್ಕುಳಿಗಿಂತ ಸ್ವಲ್ಪ ಮೇಲೆ, ಬಲಕ್ಕೆ, ಮುದ್ರೆ ಒತ್ತಿದಂತೆ ಒಂದು ಕೆಂಪು ಉಂಗುರ. ಅವನೇ ಎದ್ದು ನಡೆದುಕೊಂಡು ಮನೆಗೆ ಬಂದ. ರಾತ್ರಿ ಊಟ ಬೇಡವೆಂದ. ನಾವು ನಲವತ್ತು ವರ್ಷ ನಾಡಿ ಹಿಡಿದವರು, "ಸ್ನಾಯು ನೊಂದಿದೆ, ಬಿಸಿ ಎಣ್ಣೆ ಹಚ್ಚಿ ಶಾಖ ಕೊಟ್ಟರೆ ಹೋಗುತ್ತದೆ" ಎಂದು ಎಣ್ಣೆ ಕಾಯಿಸಲು ಹೇಳಿದೆವು. ಸೊಸೆ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು, "ಮಾವನವರೇ, ದಯವಿಟ್ಟು ಹೊಟ್ಟೆಗೆ ಕೈ ಹಚ್ಚಬೇಡಿ, ಆಸ್ಪತ್ರೆಗೆ ಹೋಗೋಣ" ಎಂದಳು. ನಮಗೆ ಆ ಕ್ಷಣ ಬೇಸರವಾದದ್ದು ನಿಜ. ಕಾರಿನಲ್ಲಿಯೇ ಹುಡುಗ ಎರಡು ಸಲ ವಾಂತಿ ಮಾಡಿಕೊಂಡ. ಸ್ಕ್ಯಾನ್ ಮಾಡಿದಾಗ ಸಣ್ಣ ಕರುಳಿನ ಮೊದಲ ಭಾಗದ ಗೋಡೆಯೊಳಗೆ ರಕ್ತ ಕಟ್ಟಿಕೊಂಡಿರುವುದು ಕಂಡಿತು. ಎಂಟು ದಿನ ಬಾಯಿಗೆ ಏನನ್ನೂ ಕೊಡದೆ, ನರದ ಮೂಲಕವೇ ಪೋಷಣೆ ಕೊಟ್ಟು, ಶಸ್ತ್ರಚಿಕಿತ್ಸೆಯಿಲ್ಲದೆ ಗುಣಪಡಿಸಿದರು. ಸೊಸೆಯ ಮಾತನ್ನು ಕೇಳದೆ ಆ ರಾತ್ರಿ ನಾವು ಹೊಟ್ಟೆ ನೀವಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಇಂದಿಗೂ ನಿದ್ದೆಯಲ್ಲಿ ಬಂದು ಎಬ್ಬಿಸುತ್ತದೆ.

ಹೀಗೇಕಾಗುತ್ತದೆಂಬುದನ್ನು ತಿಳಿಯಬೇಕು. ಮಕ್ಕಳ ಹೊಟ್ಟೆಯ ಗೋಡೆ ತೆಳು, ಸ್ನಾಯು ಎಳೆಯದು. ಹ್ಯಾಂಡಲಿನ ತುದಿ ಬೀಳುವ ಮೈಯ ಭಾರವನ್ನೆಲ್ಲ ಒಂದು ನಾಣ್ಯದಗಲದ ಜಾಗಕ್ಕೆ ಹಾಕುತ್ತದೆ. ಒಳಗಿನ ಅಂಗ ಅದಕ್ಕೂ ಹಿಂದಿನ ಬೆನ್ನೆಲುಬಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ನಮ್ಮ ಶಾಸ್ತ್ರವು ಆಮಾಶಯಕ್ಕೂ ಪಕ್ವಾಶಯಕ್ಕೂ ನಡುವಿನ ಅಗ್ನಿಸ್ಥಾನವೆಂದು ಹೇಳುವ ಗ್ರಹಣಿಯು ಬೆನ್ನೆಲುಬಿಗೆ ಅಂಟಿದಂತೆಯೇ ಇರುವುದರಿಂದ ಅದಕ್ಕೆ ಸರಿಯಲು ಎಡೆಯಿಲ್ಲ. ಮೇದೋಜೀರಕ ಗ್ರಂಥಿಯ ಸ್ಥಿತಿಯೂ ಅದೇ. ಪೆಟ್ಟು ಬಲಕ್ಕಾದರೆ ಯಕೃತ್ತಿಗೆ, ಎಡಕ್ಕಾದರೆ ಪ್ಲೀಹಕ್ಕೆ ಅಪಾಯ. ಹೊರಗೆ ಗಾಯವೇ ಕಾಣದಿರಬಹುದು. ಲಕ್ಷಣಗಳು ಗಂಟೆಗಳ ಬಳಿಕ, ಕೆಲವೊಮ್ಮೆ ಮರುದಿನವೋ ಅದರ ಮರುದಿನವೋ ತಲೆದೋರಬಹುದು. ಮಗುವಿನ ಹೊಟ್ಟೆಗೆ ಹ್ಯಾಂಡಲ್ ಬಡಿದಿದ್ದರೆ, ಉಂಗುರದ ಗುರುತು ಮೂಡಿದ್ದರೆ, ನೋವು ಹೆಚ್ಚುತ್ತಿದ್ದರೆ, ವಾಂತಿಯಾದರೆ, ಮುಖ ಬಿಳಿಚಿದರೆ, ಭುಜದ ತುದಿಯಲ್ಲಿ ಕಾರಣವಿಲ್ಲದೆ ನೋವೆಂದರೆ, ಮೂತ್ರ ಕೆಂಪಾದರೆ, ತಡ ಮಾಡದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಎಣ್ಣೆ ಬೇಡ, ಶಾಖ ಬೇಡ, ನೀವುವುದು ಬೇಡ. ಕಷಾಯವಾಗಲಿ ಹಾಲಾಗಲಿ ಬಾಯಿಗೆ ಏನನ್ನೂ ಕೊಡಬೇಡಿ. ಏನು ಬಡಿಯಿತೆಂಬುದನ್ನು, ಸೈಕಲ್ಲಿನ ಹ್ಯಾಂಡಲ್ ಎಂದೇ, ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ಆಯುರ್ವೇದ ವೈದ್ಯರಾಗಿಯೇ ನಾವು ಈ ಮಾತನ್ನು ಬರೆಯುತ್ತಿದ್ದೇವೆ.

ಇದನ್ನು ತಡೆಯುವ ಉಪಾಯಕ್ಕೆ ಆಗುವ ಖರ್ಚು ಬಹಳ ಅಲ್ಪ. ಹರಿದ ಹಿಡಿಯನ್ನು ಬದಲಿಸುವುದು. ಹ್ಯಾಂಡಲಿನ ಎರಡು ತುದಿಗಳಿಗೂ ಗಟ್ಟಿಯಾದ ಮುಚ್ಚಳ ಹಾಕುವುದು. ಹಿಡಿ ಕೈಯಲ್ಲಿ ತಿರುಗುವಂತಿದ್ದರೆ ತಿರುಪಿನಿಂದ ಬಿಗಿಯುವ ಬಗೆಯ ಹಿಡಿಯನ್ನು ಹಾಕಿಸುವುದು. ಹ್ಯಾಂಡಲ್ ಮಗುವಿನ ಹೆಗಲಿಗಿಂತ ಬಹಳ ಅಗಲವಿದ್ದರೆ ಮೆಕ್ಯಾನಿಕ್ಕನಿಂದ ಎರಡೂ ಕಡೆ ಸಮನಾಗಿ ಕತ್ತರಿಸಿ ಮತ್ತೆ ಮುಚ್ಚಳ ಹಾಕಿಸಬಹುದು. ಟ್ರ್ಯಾಕಿಗೆ ಇಳಿಯುವ ಮುನ್ನ ಮುಂದಿನ ಬ್ರೇಕು ಒತ್ತಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ ನೋಡಿ. ಕಟಕಟ ಸದ್ದಾದರೆ ಹ್ಯಾಂಡಲಿನ ಬುಡ ಸಡಿಲವಾಗಿದೆ ಎಂದರ್ಥ. ಗಾಲಿಯ ನಟ್ಟುಗಳನ್ನೂ ಆಗಲೇ ನೋಡಬೇಕು.

ಮೈಯ ಮೇಲಿನ ರಕ್ಷಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಲ್ಮೆಟ್ಟು ಹುಬ್ಬಿನಿಂದ ಎರಡು ಬೆರಳಿಗಿಂತ ಮೇಲೆ ಸರಿಯಬಾರದು; ದವಡೆಯನ್ನೂ ಮುಚ್ಚುವಂಥದಾದರೆ ಇನ್ನೂ ಒಳ್ಳೆಯದು. ಮೊಣಕಾಲು, ಮೊಣಕೈಗಳಿಗೆ ಕವಚ, ಬೆರಳು ಪೂರ್ತಿ ಮುಚ್ಚುವ ಕೈಚೀಲ, ಚಪ್ಪಟೆ ಅಡಿಯ ಬೂಟು ಇರಬೇಕು. ಬೂಟಿನ ಲಾಡಿಯನ್ನು ಒಳಗೆ ಸಿಕ್ಕಿಸಿರಬೇಕು. ಅಜ್ಜಿಯರಿಗೆ ಒಂದು ವಿನಂತಿ. ಭಾನುವಾರ ಬೆಳಿಗ್ಗೆ ಮೊಮ್ಮಕ್ಕಳಿಗೆ ಅಭ್ಯಂಗ ಮಾಡಿಸುವುದು ಬಹಳ ಒಳ್ಳೆಯ ಪದ್ಧತಿ. ಆದರೆ ಎಣ್ಣೆ ಹಚ್ಚಿದ ಕೈಯಲ್ಲಿ ಹ್ಯಾಂಡಲ್ ಹಿಡಿಯಗೊಡಬೇಡಿ. ಸವಾರಿ ಮುಗಿದು, ಮೈ ತಣಿದ ಮೇಲೆ, ಪೆಟ್ಟಿಲ್ಲವೆಂದು ಖಚಿತವಾದ ಮೇಲೆ ಅಭ್ಯಂಗವಾಗಲಿ.

ಲಿಂಗದೀಕ್ಷೆಯಾದ ಮಕ್ಕಳ ವಿಷಯದಲ್ಲಿ ಕೆಲವು ತಾಯಂದಿರು ನಮ್ಮನ್ನು ಕೇಳಿದ್ದಾರೆ. ಬೆಳ್ಳಿಯ ಕರಡಿಗೆಯನ್ನು ಉದ್ದನೆಯ ಶಿವದಾರದಲ್ಲಿ ಕೊರಳಿಗೆ ಇಳಿಬಿಟ್ಟಿದ್ದರೆ, ಮುಂದಕ್ಕೆ ಬಾಗಿದಾಗ ಅದು ತೂಗಾಡಿ ಹ್ಯಾಂಡಲಿಗೆ ಸಿಕ್ಕಿಕೊಳ್ಳಬಹುದು. ಬಿದ್ದಾಗ ಎದೆಯ ಮೂಳೆಗೆ ಒತ್ತಬಹುದು. ಹಾಗೆಂದು ಇಷ್ಟಲಿಂಗವನ್ನು ತೆಗೆದಿಡುವ ಮಾತಿಲ್ಲ. ಈ ಬಗ್ಗೆ ಪೂಜ್ಯರಲ್ಲಿ ಅರಿಕೆ ಮಾಡಿಕೊಂಡಾಗ, ಆಟದ ಹೊತ್ತಿನಲ್ಲಿ ಕರಡಿಗೆಯ ಬದಲು ಮೆತ್ತನೆಯ ವಸ್ತ್ರದಲ್ಲಿ ಸುತ್ತಿ, ದಾರವನ್ನು ಕೊರಳಿಗೆ ಹಾಕದೆ ಭುಜದ ಮೇಲಿಂದ ಕಂಕುಳ ಕೆಳಗೆ ತಂದು, ಅಂಗಿಯೊಳಗೆ ಮೈಗೆ ಹತ್ತುವಂತೆ, ನಾಭಿಗಿಂತ ಮೇಲೆಯೇ ಕಟ್ಟಬಹುದೆಂದು ಅಪ್ಪಣೆ ಕೊಡಿಸಿದರು. ಬೇರೆ ಮಠದ ಶಿಷ್ಯರು ತಮ್ಮ ಗುರುಗಳನ್ನು ಕೇಳಿ ನಡೆದುಕೊಳ್ಳುವುದು ಯುಕ್ತ.

ಎಷ್ಟು ಹೊತ್ತು ಓಡಿಸಬಹುದು? ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂದು ಸುಶ್ರುತರೂ ವಾಗ್ಭಟರೂ ಹೇಳಿದ್ದಾರೆ. ಉಸಿರು ಬಾಯಿಗೆ ಬರತೊಡಗಿದರೆ, ಹಣೆಯಲ್ಲಿ, ಮೂಗಿನ ಮೇಲೆ, ಕಂಕುಳಲ್ಲಿ ಬೆವರಿಳಿದರೆ, ಬಾಯಿ ಒಣಗಿದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ವಾಗ್ಭಟರು ಬಾಲರಿಗೂ ವೃದ್ಧರಿಗೂ ವ್ಯಾಯಾಮ ಬೇಡವೆಂದಿದ್ದಾರಲ್ಲ ಎಂದು ಓದಿದವರು ಕೇಳಬಹುದು. ಅಲ್ಲಿ ಹೇಳಿರುವುದು ಮೈ ದಣಿಸುವ ಮಲ್ಲರ ಬಗೆಯ ವ್ಯಾಯಾಮವನ್ನು ಕುರಿತೇ ಹೊರತು ಮಕ್ಕಳ ಆಟವನ್ನಲ್ಲ ಎಂದು ನಾವು ತಿಳಿದಿದ್ದೇವೆ. ಪಂಪ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತಿಗೇ ಏದುಸಿರು ಬರುತ್ತದೆ, ಏಕೆಂದರೆ ತೊಡೆ, ಸೊಂಟ, ಬೆನ್ನು, ಭುಜ ಎಲ್ಲವೂ ಒಟ್ಟಿಗೆ ದುಡಿಯುತ್ತವೆ. ಎರಡು ಸುತ್ತು, ಐದು ನಿಮಿಷ ವಿಶ್ರಾಂತಿ, ಹೀಗೆ ಅರ್ಧ ಮುಕ್ಕಾಲು ಗಂಟೆ ಸಾಕು. ದಣಿದ ಮೇಲೆ "ಇನ್ನೊಂದೇ ಸುತ್ತು" ಎನ್ನುತ್ತಾರಲ್ಲ, ಬೀಳುವುದು ಆ ಸುತ್ತಿನಲ್ಲಿಯೇ. ಊಟವಾಗಿ ಎರಡು ಗಂಟೆಯಾದರೂ ಆಗಿರಬೇಕು. ಮಳೆ ನಿಂತ ಕೂಡಲೇ ಇಳಿಯಬಾರದು. ಒದ್ದೆ ಡಾಂಬರು ಓರೆಯ ತಿರುವಿನಲ್ಲಿ ಗಾಲಿಯನ್ನು ಜಾರಿಸುತ್ತದೆ.

ವೃದ್ಧರಿಗೆ ಬೇಡವೆಂಬುದನ್ನು ಮಾತ್ರ ನಾವು ಅಕ್ಷರಶಃ ಪಾಲಿಸಿದ್ದೇವೆ. ಮೊಮ್ಮಗ ಎಷ್ಟು ಕರೆದರೂ ಆ ಟ್ರ್ಯಾಕನ್ನು ಒಮ್ಮೆ ನಡೆದೇ ಸುತ್ತಿ ಬಂದೆವು; ಅಷ್ಟಕ್ಕೇ ಮಂಡಿ ನೋಯಿತು. ಮಗ ಮಾತ್ರ ನಲವತ್ತರ ವಯಸ್ಸಿನಲ್ಲಿ ಹಳೆಯ 26 ಇಂಚಿನ ಸೈಕಲ್ಲೊಂದನ್ನು ಮೇಲೆ ಹೇಳಿದಂತೆಯೇ ಹೊಂದಿಸಿಕೊಂಡು ವಾರಕ್ಕೆರಡು ದಿನ ಹೋಗುತ್ತಿದ್ದಾನೆ.

ಆಸ್ಪತ್ರೆಯಿಂದ ಬಂದ ಹುಡುಗನಿಗೆ ವೈದ್ಯರು ಸೈಕಲ್ ಮುಟ್ಟಲು ಅನುಮತಿ ಕೊಟ್ಟಿದ್ದು ಎರಡು ತಿಂಗಳ ಬಳಿಕ. ಅಷ್ಟರಲ್ಲಿ ನಾವು ಊರಿಗೆ ಮರಳಿದ್ದೆವು. ನೆರೆಯ ಮನೆಯವರ ಮಗ ಬೆಳೆದು ಬಿಟ್ಟಿದ್ದ 20 ಇಂಚಿನ ಬಿ.ಎಂ.ಎಕ್ಸ್. ಒಂದನ್ನು ಮಗ ಕಡಿಮೆ ಬೆಲೆಗೆ ಕೊಂಡ. ಹೊಸ ಹಿಡಿ, ತುದಿಗೆ ಮುಚ್ಚಳ, ಹಿಂದೆ ಹೊಸ ಬ್ರೇಕು, ಇಷ್ಟೇ ಬದಲಾವಣೆ. ಮೊನ್ನೆ ವೀಡಿಯೋ ಕರೆಯಲ್ಲಿ ತೋರಿಸಿದರು: ಹುಡುಗ ಪೆಡಲ್ ತುಳಿಯದೆ ಮೂರು ಸುತ್ತು ಹಾಕಿದ. ನಾವು ಕೊಡಿಸಿದ ಸೈಕಲ್ ಹಿಂದೆ ಗೋಡೆಗೆ ತೂಗುಹಾಕಿದ್ದು ಕಾಣುತ್ತಿತ್ತು. ಅದರ ಹಿಡಿಗಳನ್ನೂ ಬದಲಿಸಲು ಹೇಳಿದ್ದೇವೆ.